ಕಪಿಲೆಗೆ ಕಾಶಿಯ ತಕ್ಕಡಿ ಬೇಡ

ನಂಜನಗೂಡು ದಕ್ಷಿಣ ಕಾಶಿ, ತಿರುಮಕೂಡಲು ದಕ್ಷಿಣ ಪ್ರಯಾಗ. ಮೈಸೂರು ಸೀಮೆಯಲ್ಲಿ ಇದನ್ನು ಪ್ರಶ್ನಿಸಿದವರು ಕಡಿಮೆ. ನಂಜನಗೂಡು ತಾಲ್ಲೂಕಿನ ಹೆಡತಲೆಯಂಥ ಊರಿನವರಿಗೆ ಪಿತೃಕಾರ್ಯಕ್ಕೆ ಒಂದು ಕಡೆ ನಂಜನಗೂಡಿನ ಸ್ನಾನಘಟ್ಟ, ಇನ್ನೊಂದು ಕಡೆ ತಿರುಮಕೂಡಲು ನರಸೀಪುರದ ಸಂಗಮ. ಹೆಡತಲೆಯಲ್ಲೇ ಹೊಯ್ಸಳರ ಕಾಲದ ತ್ರಿಕೂಟ ಲಕ್ಷ್ಮೀಕಾಂತ ದೇಗುಲವಿದ್ದರೂ ಅಸ್ಥಿ ಬಿಡುವುದಕ್ಕೆ, ಪಿಂಡ ಇಡುವುದಕ್ಕೆ ಹೊಳೆಯೇ ಬೇಕು. ಹಾಗೆ ಹೋಗಿಬಂದವರ ಬಾಯಲ್ಲಿ ಸಾಮಾನ್ಯವಾಗಿ ಕೇಳುವ ಸಮಾಧಾನ ಒಂದೇ: ಇಲ್ಲಿ ಮಾಡಿದರೆ ಕಾಶಿಯಲ್ಲಿ ಮಾಡಿದ ಹಾಗೆಯೇ, ಗುಲಗಂಜಿ ತೂಕದಷ್ಟು ಹೆಚ್ಚೇ.

ಈ ಸಮಾಧಾನ ಹುಟ್ಟಿದ್ದು ಕರುಣೆಯಿಂದ ಎಂಬುದನ್ನು ನಾನು ಒಪ್ಪುತ್ತೇನೆ. ಕಾಶಿಗೆ ಹೊರಟವನು ಮರಳಿ ಬರುವ ಖಾತ್ರಿ ಇಲ್ಲದ ಕಾಲವಿತ್ತು. ಹೊಲ ಬಿಟ್ಟು, ಎತ್ತು ಬಿಟ್ಟು ತಿಂಗಳುಗಟ್ಟಲೆ ನಡೆಯಲಾರದ ಮನುಷ್ಯನಿಗೆ ನಿನ್ನ ಹೊಳೆಯೂ ಸಾಕು ಎಂದು ಹೇಳಿದವರು ದೊಡ್ಡ ಮನಸ್ಸಿನವರು. ಆದರೆ ಆ ಮಾತು ಇವತ್ತು ಬೇರೆಯೇ ಕೆಲಸ ಮಾಡುತ್ತಿದೆ. ಫಲ ಕೊಡುವುದು ಸ್ಥಳ, ಸ್ಥಳದ ಬೆಲೆ ನಿರ್ಧರಿಸುವುದು ಕಾಶಿ, ನಾವು ಅಲ್ಲಿಗೆ ಹೋಗಿ ಮುಟ್ಟಿಸಿಬಂದರೆ ಸತ್ತವರಿಗೆ ಸದ್ಗತಿ, ನಮಗೆ ಬಿಡುಗಡೆ ಎಂಬ ಲೆಕ್ಕಾಚಾರ ಅದರಿಂದ ಬೆಳೆದಿದೆ. ಈ ಲೆಕ್ಕಾಚಾರ ತಪ್ಪು. ತಪ್ಪೆಂದು ಹೇಳುವುದಕ್ಕೆ ವಿಚಾರವಾದಿಗಳ ಪುಸ್ತಕ ತೆರೆಯಬೇಕಿಲ್ಲ. ಈ ಎರಡು ಕ್ಷೇತ್ರಗಳ ಸ್ಥಳಕಥೆಗಳೇ ಅದಕ್ಕೆ ವಿರುದ್ಧವಾಗಿವೆ.

ನಂಜನಗೂಡನ್ನೇ ತೆಗೆದುಕೊಳ್ಳಿ. ಕಪಿಲೆಗೆ ಕೌಂಡಿನ್ಯೆ ಬಂದು ಸೇರುವ ಜಾಗಕ್ಕೆ ಪರಶುರಾಮ ಕ್ಷೇತ್ರವೆಂದು ಹೆಸರು. ಅಪ್ಪ ಜಮದಗ್ನಿಯ ಆಜ್ಞೆಗೆ ತಲೆಬಾಗಿ ತಾಯಿ ರೇಣುಕೆಯ ತಲೆಯನ್ನು ಕೊಡಲಿಯಿಂದ ಕಡಿದ ಮಗ ಪರಶುರಾಮ, ತಪಸ್ಸಿಗೆ ಬಂದು ಕೂತ ಜಾಗ ಇದು. ಮಹಾಭಾರತದ ವನಪರ್ವದಲ್ಲಿ ಈ ಕಥೆ ಹೇಗೆ ಮುಗಿಯುತ್ತದೆಂದು ನೆನಪಿಸಿಕೊಳ್ಳಿ. ಮೆಚ್ಚಿದ ಅಪ್ಪ ವರ ಕೇಳೆನ್ನುತ್ತಾನೆ. ತಾಯಿ ಬದುಕಲಿ, ತನ್ನನ್ನು ಕೊಂದದ್ದು ಅವಳಿಗೆ ನೆನಪಿಲ್ಲದೆ ಹೋಗಲಿ, ಆ ಪಾಪ ನನ್ನನ್ನು ಮುಟ್ಟದಿರಲಿ ಎಂದು ಮಗ ಕೇಳುತ್ತಾನೆ. ಎಲ್ಲವೂ ಸಿಗುತ್ತದೆ. ಸತ್ತವಳು ಎದ್ದು ಕೂತಳು, ಆದದ್ದನ್ನು ಮರೆತಳು, ಪಾಪವೂ ಕಳೆಯಿತು. ಲೆಕ್ಕದ ಪ್ರಕಾರ ಬಾಕಿ ಏನೂ ಇಲ್ಲ. ಆದರೂ ನಮ್ಮ ಕಪಿಲೆಯ ದಡದ ಜನ ಅವನನ್ನು ಇಷ್ಟಕ್ಕೇ ಬಿಡಲಿಲ್ಲ. ಅವನು ಇಲ್ಲಿಗೆ ಬರಲೇಬೇಕಾಯಿತು ಎಂದು ಕಥೆ ಕಟ್ಟಿದರು.

ಅವನು ಬಂದ ಮೇಲೆ ಆದದ್ದು ಇನ್ನೂ ಗಮನಿಸಬೇಕಾದದ್ದು. ತಪಸ್ಸಿಗೆ ಜಾಗ ಮಾಡಿಕೊಳ್ಳಲು ಗಿಡಗಂಟಿ ಸವರುವಾಗ ಅದೇ ಕೊಡಲಿ ಪೊದೆಯೊಳಗಿದ್ದ ಲಿಂಗದ ತಲೆಗೆ ತಾಗಿ ರಕ್ತ ಹರಿಯಿತು. ತಾಯಿಯ ಕೊರಳಿನ ನಂತರ ದೇವರ ತಲೆ. ನಡುಗಿಹೋದವನಿಗೆ ಶಿವ ಹೇಳಿದ್ದು ಗಾಯಕ್ಕೆ ಇಲ್ಲಿಯ ಹಸಿಮಣ್ಣು ಮೆತ್ತು ಎಂದು. ನಂಜುಂಡನ ಸನ್ನಿಧಿಯ ಮೃತ್ತಿಕೆಯನ್ನು ಜನ ಇವತ್ತಿಗೂ ಔಷಧಿಯೆಂದು ನಂಬುವುದು ಈ ಕಥೆಯಿಂದಲೇ.

ಇದು ಮುಕ್ತಿಯ ಕಥೆಯಲ್ಲ. ತನ್ನವರಿಗೆ ತಾನೇ ಮಾಡಿದ ಗಾಯವನ್ನು ಹೊತ್ತುಕೊಂಡು ಬಂದವನ ಕಥೆ. ಕಾಶಿಯ ಹಿರಿಮೆ ಅಲ್ಲಿ ಸಾಯುವುದರಲ್ಲಿದೆ. ವಿಶ್ವನಾಥನೇ ಕಿವಿಯಲ್ಲಿ ತಾರಕ ಮಂತ್ರ ಹೇಳುತ್ತಾನೆಂಬ ನಂಬಿಕೆ ಅದು. ನಂಜನಗೂಡಿನ ಹಿರಿಮೆ ಬದುಕಿರುವವನ ಸಂಕಟದಲ್ಲಿದೆ. ಅಮ್ಮನಿಗೆ ಕೊನೆಗಾಲದಲ್ಲಿ ಸರಿಯಾಗಿ ಅನ್ನ ಹಾಕದವರು, ಅಪ್ಪನ ಮಾತಿಗೆ ಎದುರು ಮಾತಾಡಿ ಊರು ಬಿಟ್ಟವರು, ಅಣ್ಣನ ಪಾಲಿನ ಜಮೀನು ಬರೆಸಿಕೊಂಡವರು ತಲೆ ಬೋಳಿಸಿಕೊಂಡು ಆ ನೀರಿಗೆ ಇಳಿಯುವಾಗ, ಸತ್ತವರಿಗೆ ಏನಾಗುತ್ತದೋ ಅದು ಬೇರೆ ಮಾತು, ಇಳಿದವರಿಗೆ ಏನೋ ಆಗುತ್ತದೆ. ಆಗಬೇಕು. ಆ ಸಂಕಟವಿಲ್ಲದೆ ಇಳಿದವನಿಗೆ ಕಾಶಿಯೂ ಕೊಡುವುದು ಬರೀ ನೆಗಡಿ.

ಇನ್ನು ತಿರುಮಕೂಡಲಿಗೆ ಬನ್ನಿ. ಕಾವೇರಿ, ಕಪಿಲೆ, ಕಣ್ಣಿಗೆ ಕಾಣದ ಸ್ಫಟಿಕ ಸರೋವರ ಸೇರುವ ತ್ರಿವೇಣಿ ಸಂಗಮ. ಗುಲಗಂಜಿಯ ಮಾತು ಹುಟ್ಟಿದ್ದು ಇಲ್ಲಿಯ ಗುಂಜಾ ನರಸಿಂಹನ ಕಥೆಯಿಂದ. ದೇವರ ಕೈಯಲ್ಲಿ ಗುಲಗಂಜಿ ಇದೆ, ಕಾಶಿಗಿಂತ ಅಷ್ಟು ತೂಕ ಹೆಚ್ಚು ಎಂದು ಎಲ್ಲರೂ ಹೇಳುತ್ತಾರೆ. ಆ ಮಾತನ್ನು ದೇವರು ಯಾರಿಗೆ ಹೇಳಿದ ಎಂಬುದನ್ನು ಮಾತ್ರ ಬಿಟ್ಟುಬಿಡುತ್ತಾರೆ. ಹೇಳಿದ್ದು ಒಬ್ಬ ಅಗಸನಿಗೆ. ನರಸಿಂಹ ಅವನ ಕನಸಿಗೆ ಬಂದು ಗುಡಿ ಕಟ್ಟೆನ್ನುತ್ತಾನೆ. ಹಣಕ್ಕೇನು ಮಾಡಲಿ ಎಂದರೆ, ನೀನು ಬಟ್ಟೆ ಒಗೆಯುವ ಕಲ್ಲಿನ ಕೆಳಗೆ ನೋಡು ಎನ್ನುತ್ತಾನೆ. ಕಾಶಿಗೆ ಹೋಗಬೇಕೆಂಬ ಆಸೆಯಿದೆ ಎಂದರೆ, ಬೇಡ, ಇಲ್ಲಿಯೇ ಗುಲಗಂಜಿಯಷ್ಟು ಹೆಚ್ಚಿದೆ ಎನ್ನುತ್ತಾನೆ.

ಊರಿನ ಮೈಲಿಗೆಯನ್ನೆಲ್ಲ ಒಗೆದು ಕೊಡುವವನು ತಾನು ಶುದ್ಧನಾಗಲು ಕಾಶಿಗೆ ಹೋಗಬೇಕೆಂದುಕೊಂಡಿದ್ದ. ಅವನ ದುಡಿಮೆಯ ಕಲ್ಲಿನ ಕೆಳಗೇ ನಿಧಿಯಿದೆ, ಅವನು ದಿನವೂ ಮೊಣಕಾಲುದ್ದ ನಿಲ್ಲುವ ನೀರೇ ತೀರ್ಥ ಎಂದು ದೇವರು ಹೇಳಿದ. ಆ ಒಂದು ಗುಲಗಂಜಿ ಆ ದುಡಿಮೆಯ ತೂಕವೇ ಹೊರತು ಊರಿನ ಜಂಬದ ತೂಕವಲ್ಲ ಎಂದೇ ನಾನು ಓದುತ್ತೇನೆ. ನಾವು ಅಗಸನನ್ನು ಬಿಟ್ಟು ಗುಲಗಂಜಿಯನ್ನಷ್ಟೇ ಎತ್ತಿಕೊಂಡೆವು.

ಅಲ್ಲಿಯೇ ಇರುವ ಅಗಸ್ತ್ಯೇಶ್ವರನ ಕಥೆಯೂ ಇದೇ ದಾರಿಯದು. ಪ್ರತಿಷ್ಠೆಗೆ ಉತ್ತರದಿಂದ ಲಿಂಗ ತರಲು ಹನುಮಂತನನ್ನು ಕಳಿಸಿದ ಅಗಸ್ತ್ಯ, ಮುಹೂರ್ತ ಮೀರುವುದೆಂದು ಸಂಗಮದ ಮರಳಿನಿಂದಲೇ ಲಿಂಗ ಮಾಡಿ ನಿಲ್ಲಿಸಿದ. ದೂರದಿಂದ ಬಂದ ಲಿಂಗ ತಡವಾಯಿತು. ಮುಖ್ಯ ಪೂಜೆ ಹೊಳೆಯ ಮರಳಿಗೆ ಸಂದಿತು. ಇಷ್ಟು ಸ್ಪಷ್ಟವಾಗಿ ಹೇಳಿದ ಜಾಗಕ್ಕೆ ನಾವು ಮತ್ತೆ ಪ್ರಯಾಗದ ಹೆಸರನ್ನೇ ಹೊದಿಸಿ, 1989ರಿಂದ ಪ್ರಯಾಗದ ಮಾದರಿಯಲ್ಲೇ ಮೂರು ವರ್ಷಕ್ಕೊಮ್ಮೆ ಕುಂಭಮೇಳ ನಡೆಸಿಕೊಂಡು ಬಂದಿದ್ದೇವೆ. ನಡುವೆ ಕೋವಿಡ್ಡಿನಿಂದ ತಪ್ಪಿ 2025ರ ಫೆಬ್ರವರಿಯಲ್ಲಿ ಮತ್ತೆ ನಡೆಯಿತು. ಜನ ಸೇರಲಿ, ಮಿಂದು ಹೋಗಲಿ, ತಕರಾರಿಲ್ಲ. ಆದರೆ ಜಾತ್ರೆಯ ಗಾತ್ರದಿಂದ ಸಂಗಮದ ಮಹಿಮೆ ಸಿದ್ಧವಾಗುತ್ತದೆ ಎಂದರೆ ನಾನು ಒಪ್ಪಲಾರೆ.

ಸ್ಥಳವೇ ಫಲ ಕೊಡುತ್ತದೆ ಎಂಬ ನಂಬಿಕೆಯಿಂದ ಆಗಿರುವ ಕೆಡುಕು ಮೂರ್ನಾಲ್ಕು ಬಗೆಯದು. ಮೊದಲನೆಯದು ಮುಗಿಸಿಬಿಡುವ ಆಸೆ. ಗಯೆಯಲ್ಲಿ ಒಮ್ಮೆ ಪಿಂಡ ಹಾಕಿಬಂದರೆ ವರ್ಷದ ತಿಥಿ ಬೇಡ ಎಂಬ ಮಾತು ಎಷ್ಟು ಮನೆಗಳಲ್ಲಿ ನಡೆಯುತ್ತಿಲ್ಲ! ತಿಳಿದ ಪುರೋಹಿತರು ಹಾಗಲ್ಲವೆಂದು ತಿದ್ದುತ್ತಾರೆ, ಕೇಳುವವರು ಕಡಿಮೆ. ಎರಡನೆಯದು ಭಯ. ಮಗಳಿಗೆ ಮದುವೆಯಾಗಲಿಲ್ಲ, ಅಂಗಡಿ ನಡೆಯಲಿಲ್ಲ ಎಂದರೆ ಪಿತೃದೋಷ. ಜೀವಮಾನವೆಲ್ಲ ಮಕ್ಕಳಿಗಾಗಿ ಬೆನ್ನು ಬಗ್ಗಿಸಿದ ಅಜ್ಜ ಸತ್ತ ಮೇಲೆ ಮೊಮ್ಮಗಳ ಮದುವೆಗೆ ಅಡ್ಡ ನಿಂತಿದ್ದಾನೆ ಎಂದು ನಂಬುವುದಕ್ಕಿಂತ ದೊಡ್ಡ ಪಿತೃನಿಂದೆ ನನಗೆ ಗೊತ್ತಿಲ್ಲ.

ಮೂರನೆಯದು ಮೇಲುಕೀಳು. ಪಿತೃಪಕ್ಷದಲ್ಲಿ ಹೊಳೆಗೆ ಹೋಗದೆ ಮನೆಯಲ್ಲೇ ಎಡೆ ಇಡುವವರು ಈ ಸೀಮೆಯಲ್ಲಿ ಎಷ್ಟೋ ಮಂದಿ. ಕಳಸ ಇಟ್ಟು, ಹೊಸ ಬಟ್ಟೆ ಇಟ್ಟು, ಅಜ್ಜನಿಗೆ ಇಷ್ಟವಾದ ಬಾಡಿನ ಸಾರು, ಅಜ್ಜಿಗೆ ಎಲೆಅಡಿಕೆ, ಬೀಡಿ ಸೇದುತ್ತಿದ್ದ ದೊಡ್ಡಪ್ಪನಿಗೆ ಬೀಡಿಕಟ್ಟು ಇಟ್ಟು ಧೂಪ ಹಾಕುತ್ತಾರೆ. ಇದು ಶಾಸ್ತ್ರವಲ್ಲ, ಬರೀ ರೂಢಿ ಎನ್ನುವವರಿದ್ದಾರೆ. ನನಗನ್ನಿಸುವುದು ಬೇರೆ. ಪಿಂಡ ಯಾರಿಗಾದರೂ ಒಂದೇ ಅನ್ನದ ಉಂಡೆ. ಎಡೆಯಲ್ಲಿ ಸತ್ತ ಆ ಮನುಷ್ಯನೇ ಇದ್ದಾನೆ, ಅವನ ರುಚಿ, ಅವನ ಚಟ, ಅವನ ಹಟ. ಹಿರಿಯರನ್ನು ಇಷ್ಟು ಹತ್ತಿರದಿಂದ ನೆನೆಯುವ ಕ್ರಮ ಯಾವ ಕ್ಷೇತ್ರವಿಧಿಗೂ ಕಡಿಮೆಯದಲ್ಲ. ಇತ್ತ ಮಹಾಲಯದ ತರ್ಪಣದಲ್ಲೂ ಹೃದಯವೈಶಾಲ್ಯ ಕಡಿಮೆಯಿಲ್ಲ. ಅಪ್ಪ, ತಾತ, ಮುತ್ತಾತರ ಜೊತೆಗೆ ತಾಯಿ, ಅಜ್ಜಿ, ಮುತ್ತಜ್ಜಿ, ತಾಯಿಯ ತವರಿನವರು, ಅತ್ತೆ, ಮಾವ, ಗುರು, ಗೆಳೆಯ ಎಲ್ಲರಿಗೂ ಅಲ್ಲಿ ಎಳ್ಳುನೀರಿದೆ. ಎರಡೂ ಕಡೆ ಜೀವಾಳ ಒಂದೇ: ಹೆಸರು ಹಿಡಿದು ಕರೆಯುವುದು.

ಕೊನೆಯದು ನೀರಿಗೆ ಆಗಿರುವ ಅನ್ಯಾಯ, ನನ್ನ ಮಟ್ಟಿಗೆ ಇದೇ ದೊಡ್ಡದು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ಹೆಸರಿಸಿದ ಕರ್ನಾಟಕದ 17 ಕಲುಷಿತ ನದಿಭಾಗಗಳಲ್ಲಿ ನಂಜನಗೂಡಿನಿಂದ ಹೆಜ್ಜಿಗೆವರೆಗಿನ ಕಪಿಲೆಯೂ ಇದೆ. ಊರಿನ ಚರಂಡಿ, ಕಾರ್ಖಾನೆ ಎಂದು ಬೆರಳು ತೋರಿಸಬಹುದು, ತೋರಿಸಲೇಬೇಕು. ಆದರೆ ಸತ್ತವರ ಸೀರೆ, ಪಂಚೆ, ಹಾಸಿಗೆ, ಪ್ಲಾಸ್ಟಿಕ್ ಚೀಲದ ಸಮೇತ ಬೂದಿ, ಮುಡಿಯ ಕೂದಲು, ಇವನ್ನು ಹೊಳೆಗೆ ಬಿಡುತ್ತಿರುವವರು ಭಕ್ತರೇ. ತರ್ಪಣಕ್ಕೆ ಎಳ್ಳು, ದರ್ಭೆ, ನೀರು ಬಿಟ್ಟರೆ ಇನ್ನೇನೂ ಬೇಡ. ಮೂರರಲ್ಲಿ ನಮ್ಮ ಕೈಯಿಂದ ಕೆಡುತ್ತಿರುವುದು ನೀರು. ಜಾಗಕ್ಕೆ ಶಕ್ತಿಯಿದೆ, ಅದು ಹೇಗಿದ್ದರೂ ಫಲ ಬರುತ್ತದೆ ಎಂದು ನಂಬಿದವನಿಗೆ ನೀರು ಕೆಟ್ಟದ್ದು ಕಣ್ಣಿಗೆ ಬೀಳುವುದಿಲ್ಲ. ಕೈಯಲ್ಲಿ ತೆಗೆದುಕೊಳ್ಳಲು ಹೇಸುವ ನೀರನ್ನು ಹಿರಿಯರಿಗೆ ಕುಡಿಯಲು ಕೊಡುವುದು ಹೇಗೆ?

ಆದ್ದರಿಂದ ಕಪಿಲೆಯನ್ನು ಕಾಶಿಯ ತಕ್ಕಡಿಯಲ್ಲಿಟ್ಟು ತೂಗುವುದನ್ನು ಬಿಡೋಣ. ಮುಂದಿನ ಮಹಾಲಯ ಅಮಾವಾಸ್ಯೆಗೆ ನಂಜನಗೂಡಿಗೋ ಸಂಗಮಕ್ಕೋ ಹೊರಡುವವರಲ್ಲಿ ನನ್ನದೊಂದು ಬಿನ್ನಹ. ಹೊರಡುವ ಮೊದಲು ಮನೆಯ ಹಿರಿಯರನ್ನು ಕೂರಿಸಿಕೊಂಡು ಮುತ್ತಜ್ಜಿಯ ಹೆಸರು ಕೇಳಿ ಬರೆದಿಟ್ಟುಕೊಳ್ಳಿ, ಅವಳು ಯಾವ ಊರಿನಿಂದ ಬಂದವಳೆಂದೂ ಕೇಳಿ. ಸತ್ತವರ ಬಟ್ಟೆಯನ್ನು ಒಗೆದು, ಉಡುವವರಿಗೆ ಕೊಡಿ. ಹೊಳೆಗೆ ಬೊಗಸೆಯ ಎಳ್ಳುನೀರಿನ ಹೊರತು ಬೇರೇನನ್ನೂ ಹಾಕಬೇಡಿ.