ತಲೆದಂಡದ ತಮಾಷೆ

2024ರ ಡಿಸೆಂಬರ್ 5ರಂದು ಲಂಡನ್ನಿನ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಚರ್ಚ್ ಆಫ್ ಇಂಗ್ಲೆಂಡಿನ ಹಿರಿಯ ಧರ್ಮಗುರು, ಅಂದಿನ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಜಸ್ಟಿನ್ ವೆಲ್ಬಿ ವಿದಾಯದ ಭಾಷಣ ಮಾಡಿದರು. ಸಂಸ್ಥೆಯಲ್ಲಿ ಅನ್ಯಾಯ ನಡೆದಾಗ ತಪ್ಪು ಸ್ವಂತದ್ದಾಗಿರಲಿ ಬಿಡಲಿ, ಒಂದು ತಲೆದಂಡ ಆಗಲೇಬೇಕು ಎಂದರು. 1381ರ ರೈತ ದಂಗೆಯಲ್ಲಿ ನಿಜಕ್ಕೂ ತಲೆ ಕಳೆದುಕೊಂಡ ಆರ್ಚ್‌ಬಿಷಪ್ ಸೈಮನ್ ಸಡ್‌ಬರಿಯನ್ನು ನೆನೆದರು. ಕನಿಕರ ತೋರುವುದಿದ್ದರೆ ತಮ್ಮ ಕಾರ್ಯಕ್ರಮ ಹೊಂದಿಸುವ ಕಾರ್ಯದರ್ಶಿಗೆ ತೋರಿಸಿ, ತಿಂಗಳುಗಟ್ಟಲೆ ಮಾಡಿದ ಕೆಲಸವೆಲ್ಲ ನೀರುಪಾಲಾಯಿತು ಎಂದರು. ಸದನ ನಕ್ಕಿತು.

ನಗುವಂಥದ್ದೇನೂ ಅಲ್ಲಿರಲಿಲ್ಲ.

ವೆಲ್ಬಿ ಹುದ್ದೆ ಬಿಡಬೇಕಾಗಿ ಬಂದದ್ದು ಜಾನ್ ಸ್ಮೈತ್ ಎಂಬವನ ಪ್ರಕರಣದಿಂದ. ಸ್ಮೈತ್ ಪಾದ್ರಿಯಲ್ಲ, ಹೆಸರಾಂತ ಬ್ಯಾರಿಸ್ಟರ್. ಸಿರಿವಂತರ ಶಾಲೆಗಳ ಹುಡುಗರಿಗಾಗಿ ನಡೆಯುತ್ತಿದ್ದ ಕ್ರೈಸ್ತ ಶಿಬಿರಗಳ ಮುಂದಾಳು. ಪಾಪ ಕಳೆಯುತ್ತದೆಂದು ನಂಬಿಸಿ, ವಿಂಚೆಸ್ಟರಿನ ತನ್ನ ಮನೆಯ ತೋಟದ ಶೆಡ್ಡಿನಲ್ಲಿ ಹುಡುಗರನ್ನು ರಕ್ತ ಬರುವಂತೆ ಬೆತ್ತದಿಂದ ಹೊಡೆಯುತ್ತಿದ್ದ. 1982ರಲ್ಲೇ ಪಾದ್ರಿಯೊಬ್ಬರು ಗುಟ್ಟಾಗಿ ವಿಚಾರಿಸಿ ವರದಿ ಬರೆದರು. ಅದನ್ನು ಓದಿದ ಬೆರಳೆಣಿಕೆಯ ಮಂದಿ ಪೊಲೀಸರ ಬಳಿ ಹೋಗಲಿಲ್ಲ; ಸುದ್ದಿ ಹೊರಬಿದ್ದರೆ ದೇವರ ಕೆಲಸಕ್ಕೆ ಧಕ್ಕೆಯಾದೀತೆಂಬ ಅಂಜಿಕೆ. ದೇವರ ಹೆಸರಿನಲ್ಲಿ ಉಳಿದದ್ದು ಶಿಬಿರದ ಮರ್ಯಾದೆ ಅಷ್ಟೇ. ಸ್ಮೈತ್ 1984ರಲ್ಲಿ ಜಿಂಬಾಬ್ವೆಗೆ ಹೋಗಿ ಅಲ್ಲೂ ಶಿಬಿರ ಹೂಡಿದ. 1992ರಲ್ಲಿ ಅಂಥ ಒಂದು ಶಿಬಿರದ ಈಜುಕೊಳದಲ್ಲಿ 16 ವರ್ಷದ ಗೈಡ್ ನ್ಯಾಚುರು ಶವವಾಗಿ ಸಿಕ್ಕ. ಸ್ಮೈತ್ ಮೇಲಿನ ಮೊಕದ್ದಮೆ ಬಿದ್ದುಹೋಯಿತು. 2018ರಲ್ಲಿ ಅವನು ಕೇಪ್‌ಟೌನಿನಲ್ಲಿ ಸತ್ತ, ಯಾವ ಶಿಕ್ಷೆಯೂ ಆಗದೆ.

ವೆಲ್ಬಿ ಆರ್ಚ್‌ಬಿಷಪ್ ಆದ 2013ರಲ್ಲೇ ಸ್ಮೈತ್ ಮೇಲಿನ ದೂರು ಅವರ ಕಿವಿಗೆ ಬಿದ್ದಿತ್ತು. ಪೊಲೀಸರಿಗೆ ತಿಳಿಸಲಾಗಿದೆ ಎಂದು ಹೇಳಿದ್ದನ್ನು ನಂಬಿದೆ ಎಂಬುದು ಅವರ ವಿವರಣೆ. ಕೀತ್ ಮಾಕಿನ್ ಅವರ ತನಿಖಾ ವರದಿ ಇದನ್ನು ಒಪ್ಪಿ ಸುಮ್ಮನಾಗಲಿಲ್ಲ. ಆಗಲೇ ವೆಲ್ಬಿ ಪೊಲೀಸರಿಗೆ ದೂರು ಕೊಡಬಹುದಿತ್ತು, ಕೊಡಬೇಕಿತ್ತು ಎಂದಿತು. ವರದಿ ಬಂದದ್ದು 2024ರ ನವೆಂಬರ್ 7ಕ್ಕೆ. ಮೊದಲು ರಾಜೀನಾಮೆ ಇಲ್ಲ ಎಂದ ವೆಲ್ಬಿ 12ಕ್ಕೆ ರಾಜೀನಾಮೆ ಘೋಷಿಸಿದರು.

ಇದೇ ವೆಲ್ಬಿ 2019ರಲ್ಲಿ ಜಲಿಯನ್‌ವಾಲಾ ಬಾಗ್‌ನ ನೆಲದ ಮೇಲೆ ಬೋರಲು ಮಲಗಿ ಪ್ರಾರ್ಥಿಸಿದ್ದರು. ಬ್ರಿಟಿಷ್ ಸರ್ಕಾರ ಇಂದಿಗೂ ವಿಧ್ಯುಕ್ತವಾಗಿ ಕೇಳದ ಕ್ಷಮೆಯನ್ನು ತಮ್ಮ ಪಾಲಿಗೆ ತಾವು ಕೇಳಿದ್ದರು. ಅದನ್ನು ನಾಟಕ ಎನ್ನುವುದು ಅನ್ಯಾಯ. ಆದರೆ ನೂರು ವರ್ಷದ ಹಿಂದೆ ಜನರಲ್ ಡಯರ್ ಆಜ್ಞೆಯಂತೆ ಹಾರಿದ ಗುಂಡಿಗೆ ಕ್ಷಮೆ ಕೇಳುವವರನ್ನು, ನೀವೇಕೆ ಎರಡನೆಯ ಸಲ ವಿಚಾರಿಸಲಿಲ್ಲ ಎಂದು ಯಾರೂ ಕೇಳುವುದಿಲ್ಲ. ಆ ಪ್ರಶ್ನೆ ಬಂದದ್ದು ಸ್ವಂತ ಕಚೇರಿಯ ಕಡತದಿಂದ. ಅಲ್ಲಿ ಮಾತು ಹಾಸ್ಯಕ್ಕೆ ಜಾರಿತು. ಭಾಷಣದ ಮರುದಿನ ಆ ಹಾಸ್ಯಕ್ಕೂ ಕ್ಷಮೆ ಕೇಳಬೇಕಾಯಿತು.

ತಪ್ಪು ತನ್ನದೋ ಅಲ್ಲವೋ ಎಂಬ ಆ ಮಾತೇ ಇಡೀ ಭಾಷಣದ ದೊಡ್ಡ ದೋಷ. ಹಾಗೆಂದಾಗ ರಾಜೀನಾಮೆ ಉತ್ತರವಾಗುವ ಬದಲು ತ್ಯಾಗವಾಗಿಬಿಡುತ್ತದೆ. ಗೊತ್ತಿದ್ದೂ ಸುಮ್ಮನಿದ್ದ ಉಳಿದವರ ಸರದಿಯೂ ಅಲ್ಲಿಗೆ ಮುಗಿದಂತೆ ಕಾಣುತ್ತದೆ. ನೊಂದವರು ಕೇಳಿದ್ದು ತಲೆಯನ್ನಲ್ಲ. ಮಕ್ಕಳ ರಕ್ಷಣೆಯ ಹೊಣೆ ಚರ್ಚಿನ ಕೈಯಿಂದ ಹೊರಗೆ ಹೋಗಲಿ ಎಂಬುದು ಅವರಲ್ಲಿ ಹಲವರ ಒತ್ತಾಯವಾಗಿತ್ತು. 2025ರ ಫೆಬ್ರವರಿಯಲ್ಲಿ ಚರ್ಚಿನ ಆಡಳಿತ ಸಭೆಯಾದ ಜನರಲ್ ಸಿನಡ್ ಮತ ಹಾಕಿ, ಪೂರ್ಣ ಸ್ವತಂತ್ರ ವ್ಯವಸ್ಥೆಯನ್ನು ಬದಿಗಿರಿಸಿ ಅರ್ಧದಾರಿಯ ಏರ್ಪಾಡೊಂದನ್ನು ಒಪ್ಪಿತು. ಸ್ಥಳೀಯ ಧರ್ಮಪ್ರಾಂತಗಳ ರಕ್ಷಣಾ ಸಿಬ್ಬಂದಿಗೆ ಸದ್ಯಕ್ಕೆ ಸಂಬಳ ಕೊಡುವವರು ಅದೇ ಧರ್ಮಪ್ರಾಂತಗಳವರೇ.