ಎರಡನೆಯ ಕಂಟ್ರೋಲರ್ ಯಾರ ಕೈಗೆ?

ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ಈ ನಾಲ್ಕು ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯಾಗಿದೆ. ಇಲ್ಲಿ ಪರೀಕ್ಷೆಗಳು ಮುಗಿದು ಬೇಸಿಗೆ ರಜೆ ಹತ್ತಿರವಾಗುತ್ತಿದ್ದಂತೆ ಕೆಲವು ಮನೆಗಳಲ್ಲಿ ಹಳೆಯ ಮಾತೊಂದು ಮತ್ತೆ ಕೇಳಿಬರುತ್ತದೆ: "ಒಳ್ಳೆ ಮಾರ್ಕ್ಸ್ ಬಂದ್ರೆ ಕೊಡಿಸ್ತೀನಿ ಅಂದಿದ್ಯಲ್ಲಪ್ಪಾ!" ಹಿಂದೆ ಈ ಬೇಡಿಕೆ ಸೈಕಲ್ಲಿಗಾಗಿ ಇರುತ್ತಿತ್ತು. ಈಗ ಅದು ಪ್ಲೇಸ್ಟೇಷನ್ನಿಗಾಗಿಯೋ ಎಕ್ಸ್‌ಬಾಕ್ಸಿಗಾಗಿಯೋ ಇರಬಹುದು. ತಂದೆ ಅಂಗಡಿಯವರನ್ನು ಕೇಳುತ್ತಾರೆ: "ಯಾವುದು ಒಳ್ಳೆಯದು?" ಅಂಗಡಿಯವರು ಯಂತ್ರದ ವೇಗ, ಚಿತ್ರದ ಸ್ಪಷ್ಟತೆ, ಆಟಗಳ ಸಂಖ್ಯೆ ಇವುಗಳನ್ನು ವಿವರಿಸುತ್ತಾರೆ. ಅವರ ಮಾತಿನಲ್ಲಿ ಸುಳ್ಳೇನೂ ಇಲ್ಲ. ಆದರೆ ಕುಟುಂಬವೊಂದು ಕೇಳಬೇಕಾದ ಮೊದಲ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ. ಮಗು ಆಡುವಾಗ ಅದರ ಪಕ್ಕದಲ್ಲಿ ಕೂರುವವರು ಯಾರು ಎಂಬುದೇ ಆ ಪ್ರಶ್ನೆ.

ಇಂದು ತಂದೆತಾಯಿಯರಾಗಿರುವ ಅನೇಕರಿಗೆ ತೊಂಬತ್ತರ ದಶಕದ "ಟಿವಿ ಗೇಮ್" ನೆನಪಿರಬೇಕು. ಹಳದಿ ಬಣ್ಣದ ಕ್ಯಾಸೆಟ್, ಅದರ ಮೇಲೆ ಒಂದರಲ್ಲಿ 9,999 ಆಟಗಳೆಂಬ ಭರವಸೆ, ಒಳಗೆ ಅವೇ ಹತ್ತಾರು ಆಟಗಳು! ಅಂದು ಸಿಗುತ್ತಿದ್ದ ಬಹುಪಾಲು ಯಂತ್ರಗಳು ಜಪಾನಿನ ನಿಂಟೆಂಡೊ ಕಂಪನಿ 1983ರಲ್ಲಿ ಹೊರತಂದ ಯಂತ್ರದ ನಕಲುಗಳಾಗಿದ್ದವು. ಆ ಮೂಲ ಯಂತ್ರಕ್ಕೆ ಕಂಪನಿ ಇಟ್ಟ ಹೆಸರೇ "ಫ್ಯಾಮಿಲಿ ಕಂಪ್ಯೂಟರ್". ಅದರ ರಚನೆಯಲ್ಲಿ ಗಮನಾರ್ಹವಾದ ಸಂಗತಿಯೊಂದಿತ್ತು. ಎರಡು ಕಂಟ್ರೋಲರ್‌ಗಳು ತಂತಿಯ ಮೂಲಕ ಯಂತ್ರಕ್ಕೇ ಜೋಡಣೆಯಾಗಿದ್ದವು. ಅವನ್ನು ಬಿಡಿಸಿ ಒಂದನ್ನು ಬದಿಗಿಡುವಂತಿರಲಿಲ್ಲ. ಯಂತ್ರವನ್ನು ಕೊಂಡವರು ಎರಡನೆಯ ಆಟಗಾರನ ಸ್ಥಾನವನ್ನೂ ಕೊಂಡಂತಾಗುತ್ತಿತ್ತು. ಮನೆಯಲ್ಲಿ ಇದ್ದುದು ಒಂದೇ ಟಿವಿ, ಅದೂ ಹಾಲಿನಲ್ಲಿ. ಅಣ್ಣ ಆಡುವಾಗ ತಂಗಿ ಸರದಿಗಾಗಿ ಕಾಯುತ್ತಿದ್ದಳು, ಜಗಳವಾಡುತ್ತಿದ್ದಳು, ಕೊನೆಗೆ ಆಡಿಯೂ ಆಡುತ್ತಿದ್ದಳು.

ಈ ಅಳತೆಗೋಲನ್ನು ಹಿಡಿದು ಇಂದಿನ ಯಂತ್ರಗಳನ್ನು ಪರಿಶೀಲಿಸೋಣ.

ಸೋನಿ ಕಂಪನಿಯ ಪ್ಲೇಸ್ಟೇಷನ್ 5 ಭಾರತದ ಮಾರುಕಟ್ಟೆಗೆ ಬಂದದ್ದು 2021ರ ಫೆಬ್ರವರಿಯಲ್ಲಿ. ಡಿಸ್ಕ್ ಹಾಕಬಹುದಾದ ಮಾದರಿಗೆ ಆಗ 49,990 ರೂಪಾಯಿ ಬೆಲೆಯಿತ್ತು. ಮರುವರ್ಷವೇ ಅದು ಏರಿತು. ಪೆಟ್ಟಿಗೆಯಲ್ಲಿ ಬರುತ್ತಿದ್ದುದು ಒಂದೇ ಕಂಟ್ರೋಲರ್. ಎರಡನೆಯದಕ್ಕೆ 5,990 ರೂಪಾಯಿ, ಹೊಸ ದೊಡ್ಡ ಆಟವೊಂದಕ್ಕೆ 4,999 ರೂಪಾಯಿ. ಎರಡು ಆಟಗಳನ್ನು ಸೇರಿಸಿ ಕೂಡಿದರೆ ಅಂದಿನ ಬೆಲೆಯಲ್ಲೇ 65,978 ರೂಪಾಯಿ ಆಗುತ್ತದೆ. ಜಾಹೀರಾತಿನಲ್ಲಿ ಕಾಣುವುದು ಪೆಟ್ಟಿಗೆಯ ಬೆಲೆಯೇ ಹೊರತು ಕುಟುಂಬ ತೆರುವ ಬೆಲೆಯಲ್ಲ. ಯಂತ್ರದೊಡನೆ ಉಚಿತವಾಗಿ ದೊರೆಯುವ "ಆಸ್ಟ್ರೋಸ್ ಪ್ಲೇರೂಮ್" ಎಂಬ ಆಟ ನಿಜಕ್ಕೂ ಮುದ್ದಾಗಿದೆ, ಮಕ್ಕಳಿಗೆ ಒಪ್ಪುವಂತಿದೆ. ಆದರೆ ಅದು ಒಬ್ಬರೇ ಆಡುವ ಆಟ. ಯಂತ್ರದ ಪರಿಚಯವೇ ಏಕಾಂತದಿಂದ ಆರಂಭವಾಗುವುದು ನನ್ನ ದೃಷ್ಟಿಯಲ್ಲಿ ಒಂದು ಕೊರತೆ.

ಮೈಕ್ರೋಸಾಫ್ಟ್ ಕಂಪನಿಯ ಎಕ್ಸ್‌ಬಾಕ್ಸ್ ಸೀರೀಸ್ ಎಸ್ 2020ರ ನವೆಂಬರಿನಲ್ಲಿ 34,990 ರೂಪಾಯಿಗೆ ಬಂದಿತು. ಅಗ್ಗವೆಂದು ಇದು ಮೊದಲ ನೋಟಕ್ಕೆ ಮನಸೆಳೆಯುತ್ತದೆ. ಆದರೆ ಇದರಲ್ಲಿ ಡಿಸ್ಕ್ ಹಾಕಲು ಜಾಗವೇ ಇಲ್ಲ. ಪ್ರತಿಯೊಂದು ಆಟವನ್ನೂ ಅಂತರ್ಜಾಲದಿಂದಲೇ ಇಳಿಸಿಕೊಳ್ಳಬೇಕು. ಇಂದಿನ ದೊಡ್ಡ ಆಟಗಳು 50, ಕೆಲವೊಮ್ಮೆ 100 ಜಿಬಿ ತೂಗುತ್ತವೆ. ಬೆಂಗಳೂರಿನ ಫೈಬರ್ ಸಂಪರ್ಕದ ಮನೆಗೆ ಇದು ಒಂದು ರಾತ್ರಿಯ ಕೆಲಸ. ಶಿರಾ ತಾಲ್ಲೂಕಿನ ಹಳ್ಳಿಯೊಂದರಲ್ಲಿ ದಿನಕ್ಕೆ ಎರಡು ಜಿಬಿಯ ಮೊಬೈಲ್ ಪ್ಯಾಕ್ ನಂಬಿರುವ ಮನೆಗೆ ಒಂದೇ ಆಟ ಇಳಿಯಲು ತಿಂಗಳು ಬೇಕಾದೀತು. ತಿಂಗಳ ಚಂದಾ ಕಟ್ಟಿ ನೂರಾರು ಆಟ ಆಡುವ ಯೋಜನೆಯೂ ಇದೆ. ಅದು ಬಾಡಿಗೆ ಮನೆಯಿದ್ದಂತೆ. ಬಾಡಿಗೆ ನಿಲ್ಲಿಸಿದ ದಿನ ಬಾಗಿಲು ಮುಚ್ಚುತ್ತದೆ. ಡಿಸ್ಕಿನ ಆಟವಾದರೋ ಕೊರಟಗೆರೆಯ ಚಿಕ್ಕಪ್ಪನ ಮಕ್ಕಳಿಗೆ ಕೊಟ್ಟು ಅವರ ಆಟವನ್ನು ತಂದು ಆಡಬಹುದು, ಸಾಕೆನಿಸಿದಾಗ ಮಾರಬಹುದು. ನಮ್ಮಂಥ ಊರುಗಳಿಗೆ ಡಿಸ್ಕ್ ಹಾಕುವ ಮಾದರಿಯೇ ಹಿತವೆಂದು ಧೈರ್ಯವಾಗಿ ಹೇಳಬಹುದು.

ನಿಂಟೆಂಡೊ ಸ್ವಿಚ್ 2017ರ ಮಾರ್ಚಿನಲ್ಲಿ ಬಿಡುಗಡೆಯಾಯಿತು. ಸ್ವಿಚ್ 2 ಬಂದದ್ದು 2025ರ ಜೂನಿನಲ್ಲಿ. ಶಕ್ತಿಯಲ್ಲಿ ಮೊದಲ ಸ್ವಿಚ್ ಉಳಿದೆರಡು ಯಂತ್ರಗಳಿಗೆ ಸಮನಲ್ಲ. ಆದರೆ ಅದರ ಎರಡು ಬದಿಗಳಲ್ಲಿರುವ ಕಂಟ್ರೋಲರ್‌ಗಳನ್ನು ಕಳಚಿ ಇಬ್ಬರು ಒಂದೊಂದನ್ನು ಹಿಡಿದು ಅನೇಕ ಆಟಗಳನ್ನು ಆಡಬಹುದು. 1983ರ ಆ ಹಳೆಯ ವಿವೇಕ ಇಲ್ಲಿ ಉಳಿದುಕೊಂಡಿದೆ. ಬ್ಯಾಟರಿ ಇರುವುದರಿಂದ ಕರೆಂಟ್ ಹೋದರೂ ಯಂತ್ರ ಥಟ್ಟನೆ ಸತ್ತುಹೋಗುವುದಿಲ್ಲ. ತಿರುಮಣಿಯ ಸುತ್ತ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಉದ್ಯಾನವನ್ನು ಹೊಂದಿದ್ದರೂ ಸಂಜೆ ಕರೆಂಟ್ ಹೋಗುವುದೆಂದರೇನೆಂದು ಬಲ್ಲ ಪಾವಗಡದವರಿಗೆ ಇದರ ಬೆಲೆ ತಿಳಿದಿದೆ. ದೋಷಗಳೂ ಇಲ್ಲದಿಲ್ಲ. ಸ್ವಿಚ್ ಭಾರತದಲ್ಲಿ ಅಧಿಕೃತವಾಗಿ ಬಿಡುಗಡೆಯಾಗಲಿಲ್ಲ. ಇಲ್ಲಿ ದೊರೆತದ್ದು ಆಮದು ಮಾಡಿದ ಸರಕು. ಕೆಟ್ಟರೆ ಕಂಪನಿಯ ಖಾತರಿಯ ಆಸರೆ ಇಲ್ಲವೆಂದು ತಿಳಿದೇ ಕೊಳ್ಳಬೇಕು. 2019ರಲ್ಲಿ ಬಂದ "ಸ್ವಿಚ್ ಲೈಟ್" ಅಗ್ಗವೆಂದು ಮೋಸಹೋಗಬೇಡಿ. ಅದನ್ನು ಟಿವಿಗೆ ಜೋಡಿಸಲಾಗದು. ಅದು ಮತ್ತೆ ಒಬ್ಬ ಮಗುವಿನ ಅಂಗೈಯ ಯಂತ್ರವೇ.

ಯಂತ್ರಕ್ಕಿಂತ ಮುಖ್ಯವಾದುದು ಆಟ. 2009ರಲ್ಲಿ ಪ್ಲೇಸ್ಟೇಷನ್ 2 ಯಂತ್ರಕ್ಕಾಗಿ "ದೇಸಿ ಅಡ್ಡಾ" ಎಂಬ ಆಟ ನಮ್ಮ ದೇಶದಲ್ಲೇ ತಯಾರಾಗಿ ಬಂದಿತ್ತು. ಚಿನ್ನಿದಾಂಡು, ಕಬಡ್ಡಿ, ಗಾಳಿಪಟ ಎಲ್ಲವೂ ತೆರೆಯ ಮೇಲೆ! ಉದ್ದೇಶ ಮೆಚ್ಚುವಂಥದ್ದೇ. ಆದರೆ ಮಧುಗಿರಿಯ ಏಕಶಿಲಾ ಬೆಟ್ಟದ ಬುಡದಲ್ಲಿ ಮರದ ತುಂಡೊಂದರಿಂದ ಕಾಸಿಲ್ಲದೆ ಆಡಬಹುದಾದ ಚಿನ್ನಿದಾಂಡನ್ನು ಗುಂಡಿ ಒತ್ತಿ ಆಡಿದಾಗ ಉಳಿಯುವುದೇನು? ಬಯಲಿನ ಆಟ ಬಯಲಿಗೇ ಚೆಂದ. ತೆರೆಯ ಆಟ ತೆರೆಯಿಂದ ಮಾತ್ರ ಸಾಧ್ಯವಾಗುವುದನ್ನು ಕೊಡಬೇಕು. ಆ ದೃಷ್ಟಿಯಿಂದ 2021ರ "ಇಟ್ ಟೇಕ್ಸ್ ಟೂ" ಗಮನಕ್ಕೆ ಅರ್ಹವಾಗಿದೆ. ಬೇರ್ಪಡಲು ನಿರ್ಧರಿಸಿದ ದಂಪತಿಗಳು ಗೊಂಬೆಗಳಾಗಿ ಮಾರ್ಪಟ್ಟು, ಪರಸ್ಪರರ ನೆರವಿಲ್ಲದೆ ಒಂದು ಹೆಜ್ಜೆಯನ್ನೂ ಇಡಲಾಗದ ಕಥೆಯಿದು. ಇದನ್ನು ಒಬ್ಬರೇ ಆಡಲು ಸಾಧ್ಯವೇ ಇಲ್ಲ. ಗೊಂಬೆ ಆನೆಯೊಂದನ್ನು ನಿರ್ದಯವಾಗಿ ಎಳೆದೊಯ್ಯುವ ದೃಶ್ಯ ಚಿಕ್ಕ ಮಕ್ಕಳ ಮನಸ್ಸನ್ನು ನೋಯಿಸಬಲ್ಲದು. ಹದಿಹರೆಯದವರು ತಾಯಿಯ ಜೊತೆ ಆಡಲು ತಕ್ಕುದು.

ಭಾಷೆಯ ಮಾತನ್ನೂ ಮರೆಯಬಾರದು. ಈ ಯಂತ್ರಗಳ ಹೆಸರಾಂತ ಆಟಗಳು ಕನ್ನಡದಲ್ಲಿ ಮಾತಾಡುವುದಿಲ್ಲ. ಓದಿ ತಿಳಿಯಬೇಕಾದ ಆಟದಲ್ಲಿ ಅಜ್ಜಿ ಹೊರಗಿನವರಾಗುತ್ತಾರೆ. ಆದರೆ 2006ರಲ್ಲಿ ನಿಂಟೆಂಡೊ ವೀ ಯಂತ್ರದೊಡನೆ ಬಂದ "ವೀ ಸ್ಪೋರ್ಟ್ಸ್" ಕೈ ಬೀಸಿದರೆ ಚೆಂಡು ಉರುಳುವ ಆಟವಾಗಿತ್ತು. ವಿದೇಶಗಳ ವೃದ್ಧಾಶ್ರಮಗಳಲ್ಲೂ ಅದನ್ನು ಆಡಿದರು. 2022ರ "ಸ್ವಿಚ್ ಸ್ಪೋರ್ಟ್ಸ್" ಅದರ ಉತ್ತರಾಧಿಕಾರಿ. ಚೌಕಾಬಾರದಲ್ಲಿ ಕವಡೆ ಎಸೆದ ಕೈ ಇದನ್ನೂ ಬೀಸಬಲ್ಲದು.

ಇಷ್ಟೆಲ್ಲ ಏಕೆ, ಮಗುವಿನ ಕೈಯಲ್ಲಿ ಮೊಬೈಲ್ ಇದೆಯಲ್ಲ ಎಂದು ನೀವು ಕೇಳಬಹುದು. ಅದೇ ನಿಜವಾದ ಚಿಂತೆ. 2020ರ ಕೊರೋನಾ ಕಾಲದಲ್ಲಿ ಪಾಠಕ್ಕೆಂದು ಕೊಟ್ಟ ಫೋನು ಅನೇಕ ಮನೆಗಳಲ್ಲಿ ಮರಳಿ ಬರಲೇ ಇಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ತಂತ್ರಜ್ಞಾನದ ಚಟಕ್ಕಾಗಿ 2014ರಷ್ಟು ಹಿಂದೆಯೇ ಚಿಕಿತ್ಸಾಲಯ ತೆರೆದಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ ಆಟದ ಚಟವೂ ಸೇರಿದ್ದು, ಆ ಪಟ್ಟಿ 2022ರ ಜನವರಿಯಿಂದ ಜಾರಿಯಲ್ಲಿದೆ. ಹೆಚ್ಚು ಹೊತ್ತು ಆಡಿದ ಮಾತ್ರಕ್ಕೆ ಅದು ರೋಗವಲ್ಲ. ಹಿಡಿತ ತಪ್ಪಿ, ಊಟ, ನಿದ್ರೆ, ಓದುಗಳಿಗಿಂತ ಆಟವೇ ಮುಖ್ಯವಾಗಿ, ಹಾನಿ ಕಂಡರೂ ಬಿಡಲಾಗದ ಸ್ಥಿತಿ ಅದು. ಟಿವಿಗೆ ಜೋಡಿಸಿದ ಯಂತ್ರವೂ ಚಟ ಹಿಡಿಸಬಲ್ಲದು. ಆದರೆ ಅದು ಹಾಲಿನಲ್ಲಿದ್ದರೆ ಮನೆಯವರ ಕಣ್ಣಿಗೆ ಕಾಣುತ್ತದೆ. ಹೊದಿಕೆಯೊಳಗಿನ ಫೋನು ಕಾಣುವುದಿಲ್ಲ. ಆದ್ದರಿಂದ ಕೊಳ್ಳುವುದಾದರೆ ಫೋನಿನ ಆಟದ ಜೊತೆಗೆ ಇನ್ನೊಂದಾಗಿ ಅಲ್ಲ, ಅದರ ಬದಲಿಗೆ ಕೊಳ್ಳಿ. ಮಗುವಿನ ಕೋಣೆಯಲ್ಲಿ ಖಂಡಿತ ಇಡಬೇಡಿ.

ಎಲ್ಲ ಯಂತ್ರಗಳಲ್ಲೂ ಸಮಯ ಮತ್ತು ಖರ್ಚಿಗೆ ಬೀಗ ಹಾಕುವ ವ್ಯವಸ್ಥೆಯಿದೆ. ಮೊದಲ ದಿನವೇ ಹಾಕಿ, ಗುಪ್ತ ಸಂಖ್ಯೆ ನಿಮ್ಮಲ್ಲಿರಲಿ. ಆಟದ ಡಬ್ಬಿಯ ಮೇಲೆ 3, 7, 12, 16, 18 ಎಂಬ ಅಂಕಿಗಳಿದ್ದರೆ ಅವು ವಯಸ್ಸಿನ ಸೂಚನೆಗಳೇ ಹೊರತು ಆಟದ ಕಷ್ಟದ ಅಳತೆಯಲ್ಲ. 18 ಎಂದಿರುವುದನ್ನು ಹತ್ತು ವರ್ಷದವನಿಗೆ ಕೊಡಿಸಿ, ಬಳಿಕ ಅವನನ್ನೇ ಬೈಯುವುದು ನ್ಯಾಯವಲ್ಲ.

ಇನ್ನೊಂದು ಮಾತು. ಇಂಥ ಉಡುಗೊರೆ "ಮಕ್ಕಳಿಗೆ" ಎಂದು ಬಂದರೂ ಬಹುಬಾರಿ ಮಗನ ಪಾಲಾಗುತ್ತದೆ. ಅವನು ಆಡುತ್ತಿರುವಾಗ ಅಕ್ಕ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿರುತ್ತಾಳೆ. ಅಂಕ ಗಳಿಸಿದ್ದು ಇಬ್ಬರೂ ಅಲ್ಲವೇ? ಎರಡನೆಯ ಕಂಟ್ರೋಲರ್ ಕೊಳ್ಳಲು ಹಣವಿಲ್ಲದಿದ್ದರೆ, ಅದು ದೊರೆಯುವವರೆಗೆ ಮೊದಲನೆಯದನ್ನೂ ಕೊಳ್ಳದಿರುವುದು ಲೇಸು. ಪಾತ್ರೆಯ ಸರದಿ ಹಂಚಿಕೊಂಡರೆ ಆಟದ ಸರದಿಯೂ ತಾನಾಗಿ ಹಂಚಿಕೆಯಾಗುತ್ತದೆ.

ಕೊಳ್ಳದಿರುವುದೂ ಒಂದು ಗೌರವದ ಆಯ್ಕೆಯೇ. ಮಳೆಯನ್ನು ನಂಬಿ ಕಡಲೆಕಾಯಿ ಬೆಳೆಯುವ ಮನೆಗೆ ಅರವತ್ತು ಸಾವಿರ ಸಣ್ಣ ಮೊತ್ತವಲ್ಲ. ಸಾಲ ಮಾಡಿ ತಂದ ಆಟದಲ್ಲಿ ನಗು ಉಳಿಯುವುದಿಲ್ಲ. ಅಂಥ ಮನೆಯಲ್ಲಿ ಅಳಿಗುಳಿ ಮಣೆ ಹೊರಬರಲಿ, ಅಂಗಳದಲ್ಲಿ ಲಗೋರಿ ಜೋಡಿಸಲಿ. ಮಗುವಿಗೆ "ಇಲ್ಲ" ಎಂದದ್ದರ ಕಾರಣವನ್ನು ಕೂರಿಸಿಕೊಂಡು ಹೇಳಲಿ. ಕೊಳ್ಳಲು ಶಕ್ತಿಯುಳ್ಳವರೂ ಅಂಗಡಿಯ ಮೆಟ್ಟಿಲು ಹತ್ತುವ ಮುನ್ನ ಮನೆಯ ಎಲ್ಲರನ್ನೂ ಕೂಡಿಸಿ ಒಮ್ಮೆ ಕೇಳಲಿ: ವಾರದಲ್ಲಿ ಯಾವ ಎರಡು ಸಂಜೆ ನಾವೆಲ್ಲ ಇದರ ಮುಂದೆ ಒಟ್ಟಿಗೆ ಕೂರುತ್ತೇವೆ? ಈ ಪ್ರಶ್ನೆಗೆ ಉತ್ತರ ದೊರೆತ ಮನೆಗೆ ಯಾವ ಯಂತ್ರ ಬಂದರೂ ಅದು ಆಟಿಕೆಯಾಗಿಯೇ ಉಳಿಯುತ್ತದೆ. ಉತ್ತರ ದೊರೆಯದ ಮನೆಯಲ್ಲಿ ಅತ್ಯುತ್ತಮ ಯಂತ್ರವೂ ಮಗುವನ್ನು ಒಂಟಿಯಾಗಿ ಕೂರಿಸುವ ಮತ್ತೊಂದು ಸಾಧನವಾಗುತ್ತದೆ. ಆದ್ದರಿಂದ, ಓದುಗರೇ, ಎರಡನೆಯ ಕಂಟ್ರೋಲರನ್ನು ಹಿಡಿಯುವ ಕೈ ಯಾವುದೆಂದು ಮೊದಲು ನಿಶ್ಚಯಿಸಿರಿ. ಅದು ನಿಮ್ಮದೇ ಆದರೆ ಇನ್ನೂ ಒಳ್ಳೆಯದು.