ಕೇಳುವವನ ಪಾತ್ರ

ಕಡಲೆಯ ರಾಶಿ ಮುಗಿದು, ಎರಿ ಹೊಲ ಬಿಸಿಲಿಗೆ ಬಾಯಿ ಬಿಡುವ ಹೊತ್ತಿಗೆ ನವಲಗುಂದ ತಾಲೂಕಿನ ಹಳ್ಳಿಗಳಲ್ಲಿ ತಾಲೀಮು ಶುರುವಾಗುತ್ತದೆ. ಮಳೆ ಬಿದ್ದ ಮೇಲೆ ಈ ಮಣ್ಣಿನಲ್ಲಿ ಕಾಲು ಕೀಳುವುದೇ ಕಷ್ಟ. ಸೀನ್ಸಿನ ಲಾರಿ ಊರೊಳಗೆ ಬರುವುದಂತೂ ದೂರದ ಮಾತು. ಹಾಗಾಗಿ ನಾಟಕಗಳೆಲ್ಲ ಸುಗ್ಗಿಗೂ ಮುಂಗಾರಿಗೂ ನಡುವಿನ ಆ ಎರಡು ಮೂರು ತಿಂಗಳಲ್ಲೇ ಆಗಬೇಕು. ಅಂಥ ಒಂದು ರಾತ್ರಿ ಮೊರಬದಲ್ಲಿ ಗುಡಿಯ ಕಟ್ಟೆಯ ಮೇಲೆ ಕೂತು ತಾಲೀಮು ನೋಡಿದೆ. ನಾಲ್ಕು ದಶಕಗಳಿಂದ ನಾಟಕ ನೋಡುತ್ತ ಬಂದವನು ನಾನು. ನಾಟಕಕ್ಕಿಂತ ತಾಲೀಮೇ ನನಗೆ ಒಂದು ಗುಲಗಂಜಿ ಹೆಚ್ಚು ಇಷ್ಟ.

ಅವರು ಎತ್ತಿಕೊಂಡಿದ್ದು ಇಬ್ಬರು ಗೆಳೆಯರ ಕತೆಯ ಸಾಮಾಜಿಕ ನಾಟಕ. ಪುಸ್ತಕದ ಹೊದಿಕೆ ಎಂದೋ ಹರಿದುಹೋಗಿತ್ತು. ಗದಗಿನ ಶಾಬಾದಿಮಠ ಬುಕ್ ಡಿಪೋದಂಥ ಅಂಗಡಿಗಳು ಅಚ್ಚು ಹಾಕಿ ಹಳ್ಳಿಹಳ್ಳಿಗೆ ಮುಟ್ಟಿಸಿದ ನಾಟಕದ ಪುಸ್ತಕಗಳಿಗೆ ಆಗುವ ಗತಿಯೇ ಅದು: ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗಿ, ಪೆನ್ಸಿಲ್ ಗೀಟು ಬಿದ್ದು, ಎಣ್ಣೆ ಹತ್ತಿ ಮೆತ್ತಗಾಗುತ್ತವೆ. ಕತೆ ಸಣ್ಣದು. ಒಬ್ಬ ಗೆಳೆಯ ಇನ್ನೊಬ್ಬನಿಗೆ ಕೈಗಡ ಕೊಟ್ಟಿದ್ದಾನೆ. ಇಸಕೊಂಡವನು ಮರೆತಿದ್ದಾನೆ. ಕೊಟ್ಟವನಿಗೆ ಕೇಳಲು ಬಾಯಿ ಬರುವುದಿಲ್ಲ. ಅವನು ದಿನಾ ಕೇಳಲೆಂದೇ ಬರುತ್ತಾನೆ, ಕೂಡುತ್ತಾನೆ, ಚಹಾ ಕುಡಿಯುತ್ತಾನೆ, ಮಳೆಯ ಮಾತಾಡಿ ಎದ್ದು ಹೋಗುತ್ತಾನೆ. ನಾಟಕದ ಅರ್ಧ ನಗೆ ಈ ಸಂಕೋಚದಿಂದಲೇ ಹುಟ್ಟುವುದು. ಇನ್ನರ್ಧ ನಾಟಕ ಅದರ ನೋವು.

ಸಾಲ ಕೊಟ್ಟವನ ಪಾತ್ರ ಮಾಡುತ್ತಿದ್ದವನು ಟ್ರ್ಯಾಕ್ಟರ್ ಹೊಡೆಯುವ ಹುಡುಗ. ಅವನಿಗೆ ಮಾತು ಬಹಳ ಇರಲಿಲ್ಲ. ಎದುರಿನವನು ಪುಟಗಟ್ಟಲೆ ಹೇಳುತ್ತಿದ್ದ, ಇವನು ಕೇಳುತ್ತಿದ್ದ. ಮಾತು ದುಡ್ಡಿನ ಕಡೆ ಹೊರಳೀತು ಅನ್ನಿಸಿದಾಗ ಹುಡುಗನ ಹೆಗಲು ಸಣ್ಣಗೆ ಮೇಲೇರುತ್ತಿತ್ತು. ಅದು ಮತ್ತೆ ಮಳೆ, ಮದುವೆ, ಎಲೆಕ್ಷನ್ ಕಡೆ ತಿರುಗಿದ ಕೂಡಲೇ ಹೆಗಲು ಇಳಿಯುತ್ತಿತ್ತು. ಇದನ್ನು ಅವನಿಗೆ ಯಾರೂ ಕಲಿಸಿರಲಿಲ್ಲ. ಕಟ್ಟೆಯ ಮೇಲಿದ್ದ ಮುದುಕರು ನಗುತ್ತಿದ್ದುದು ಆ ಹೆಗಲಿಗೇ. ಪೇಟಿ ಮಾಸ್ತರರು ಪೇಟಿಯ ತಿದಿ ಬಿಟ್ಟು, "ಅಂವ ಕೇಳತಾನ ನೋಡ್ರಿ, ಅದಕ್ಕ ಇಂವನ ಮಾತು ಹತ್ತತಾವ" ಅಂದರು.

ಗೆಳೆತನದ ನಾಟಕದ ಬಗ್ಗೆ ಇದಕ್ಕಿಂತ ಬಿಗಿಯಾದ ವಿಮರ್ಶೆಯನ್ನು ನಾನು ಓದಿಲ್ಲ. ಪ್ರೇಮದ ನಾಟಕದಲ್ಲಿ ಇಬ್ಬರೂ ಮಾತಾಡುತ್ತಾರೆ, ಹಾಡುತ್ತಾರೆ. ಜಗಳದ ನಾಟಕದಲ್ಲೂ ಹಾಗೇ. ಗೆಳೆತನದಲ್ಲಿ ಒಬ್ಬ ತನ್ನನ್ನು ತೋಡಿಕೊಳ್ಳುತ್ತಾನೆ, ಇನ್ನೊಬ್ಬ ಅದನ್ನು ತನ್ನೊಳಗೆ ಹಾಕಿಕೊಳ್ಳುತ್ತಾನೆ. ಹಾಕಿಕೊಳ್ಳುವವನು ಸುಳ್ಳಾದರೆ ತೋಡಿಕೊಳ್ಳುವವನ ಮಾತು ಬರೇ ಭಾಷಣವಾಗುತ್ತದೆ.

ನಮ್ಮ ಸೀಮೆಯ ದೊಡ್ಡ ನಾಟಕಗಳನ್ನೇ ತೆಗೆದು ನೋಡಿ. 'ಸಂಗ್ಯಾ ಬಾಳ್ಯಾ' ಸಣ್ಣಾಟ ಬೈಲಹೊಂಗಲದ ಕಡೆಯ ಕೊಲೆಯೊಂದರ ಕತೆ. ಪತ್ತಾರ ಮಾಸ್ತರರು ಕಟ್ಟಿದ್ದು. ಚಂದ್ರಶೇಖರ ಕಂಬಾರರು ಸಂಪಾದಿಸಿದ ಮೇಲೆ ಪೇಟೆಯ ರಂಗಭೂಮಿಗೂ ಬಂತು. ಎಲ್ಲರೂ ಅದನ್ನು ಸಂಗ್ಯಾ ಮತ್ತು ಗಂಗಿಯ ಕತೆ ಅನ್ನುತ್ತಾರೆ, ಆದರೆ ಹೆಸರಿನಲ್ಲಿ ಗಂಗಿ ಇಲ್ಲ. ಹೆಸರಿನಲ್ಲಿ ಇರುವುದು ಇಬ್ಬರು ಗೆಳೆಯರು. ಸಂಗ್ಯಾನ ಕಣ್ಣು ಪರರ ಹೆಂಡತಿಯ ಮೇಲೆ ಬಿದ್ದಾಗ ಆ ಹುಚ್ಚನ್ನು ಮೊದಲು ಕೇಳುವವನು ಬಾಳ್ಯಾ. ಕಡೆಗೆ ಸಂಗ್ಯಾನನ್ನು ಕೊಲ್ಲುವವರ ಕೈಗೆ ಒಪ್ಪಿಸುವವನೂ ಬಾಳ್ಯಾನೇ. ಹಾಗಿದ್ದರೆ ಅವನು ಮೊದಲ ಸಲ ಕೇಳಿಸಿಕೊಂಡಾಗ ಮುಖ ಹೇಗಿತ್ತು? ಒಳ್ಳೆಯ ಬಾಳ್ಯಾನ ಪಾತ್ರಧಾರಿ ಇದಕ್ಕೆ ಉತ್ತರ ಇಟ್ಟುಕೊಂಡೇ ಅಟ್ಟ ಹತ್ತುತ್ತಾನೆ.

ಸಣ್ಣಾಟದ ಕಟ್ಟಡವೇ ಈ ಕೇಳುವಿಕೆಗೆ ಜಾಗ ಮಾಡಿಕೊಡುತ್ತದೆ. ಪಾತ್ರಧಾರಿ ನುಡಿ ಎತ್ತುತ್ತಾನೆ. ಹಿಮ್ಮೇಳದವರು ಅದನ್ನು ಹಿಡಿದು ಮತ್ತೆ ಮತ್ತೆ ಹಾಡುತ್ತಾರೆ. ದಪ್ಪು, ತಾಳ ಏರುತ್ತವೆ. ಹಾಡಿದವನು ಆ ಹೊತ್ತಿನಲ್ಲಿ ಹೆಜ್ಜೆ ಹಾಕಿ ಉಸಿರು ತಿರುಗಿಸಿಕೊಳ್ಳುತ್ತಾನೆ. ಎದುರು ನಿಂತವನಿಗೆ ಮಾತ್ರ ತಪ್ಪಿಸಿಕೊಳ್ಳಲು ದಾರಿಯಿಲ್ಲ, ಅದೇ ಸಾಲನ್ನು ನಾಲ್ಕು ಸಲ, ಐದು ಸಲ ನಿಂತು ಕೇಳಬೇಕು. ಸಾಮಾನ್ಯ ನಟ ಆಗ ಜನರ ಕಡೆ ನೋಡುತ್ತಾನೆ, ಪಟಗ ಸರಿ ಮಾಡಿಕೊಳ್ಳುತ್ತಾನೆ. ನಾನು ಹುಡುಗನಿದ್ದಾಗ ನೋಡಿದ ಒಬ್ಬ ಬಾಳ್ಯಾ ಮೊದಲನೆಯ ಸಲಕ್ಕೆ ನಕ್ಕ, ಎರಡನೆಯ ಸಲಕ್ಕೆ ನೆಲ ನೋಡಿದ, ಮೂರನೆಯ ಸಲಕ್ಕೆ ಸಂಗ್ಯಾನ ಕೊರಳಿನ ಚಿನ್ನ ನೋಡಿದ. ಅದರ ಮುಂದಿನದನ್ನು ನಮಗೆ ಯಾರೂ ಹೇಳಬೇಕಾಗಿರಲಿಲ್ಲ.

ಗಿರೀಶ ಕಾರ್ನಾಡರ 'ಹಯವದನ' ಇದರ ಇನ್ನೊಂದು ಮಗ್ಗುಲು. 1971ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆಯಿಂದ ಬಂದ ನಾಟಕ. ಗೆಳೆತನದ ನಗೆಯನ್ನೂ ಘಾತವನ್ನೂ ಒಂದೇ ಬುಟ್ಟಿಯಲ್ಲಿ ಇಟ್ಟ ಇಂಥ ಹೊಸಗಾಲದ ನಾಟಕ ಕನ್ನಡದಲ್ಲಿ ಇನ್ನೊಂದಿಲ್ಲ ಅಂತಲೇ ನನ್ನ ಎಣಿಕೆ. ವೇತಾಳನ ಕತೆ, ಅದನ್ನು ಎತ್ತಿಕೊಂಡು ಜರ್ಮನ್ ಲೇಖಕ ತಾಮಸ್ ಮಾನ್ ಬರೆದ ನೀಳ್ಗತೆ, ಅಲ್ಲಿಂದ ಧಾರವಾಡ: ತಲೆ ಅದಲುಬದಲಾಗುವ ಈ ಕತೆ ತಾನೇ ಎಷ್ಟು ಊರು ಸುತ್ತಿದೆ! ಇದನ್ನು ಆಡಿಸುವವರು ಕಾಳಿಯ ಗುಡಿಯ ದೃಶ್ಯದ ಮೇಲೆ ಜೀವ ಇಡುತ್ತಾರೆ. ನಾನು ಜೀವ ಇಡುವುದು ಶುರುವಿನ ದೃಶ್ಯದ ಮೇಲೆ. ದೇವದತ್ತ ಪದ್ಮಿನಿಗಾಗಿ ಹಂಬಲಿಸಿ ಕವಿಯಂತೆ ಮಾತಾಡುತ್ತಾನೆ. ಕಮ್ಮಾರನ ಮಗ ಕಪಿಲನಿಗೆ ಅದು ಹಳೆಯ ಪುರಾಣ; ಗೆಳೆಯ ಹಿಂದೆಯೂ ಎಷ್ಟೋ ಸಲ ಹೀಗೇ ಮರುಳಾಗಿದ್ದನ್ನು ಬಲ್ಲ. ಆದರೂ ಕೇಳುತ್ತಾನೆ, ಎದ್ದು ಹೊರಡುತ್ತಾನೆ, ಬಾಗಿಲಿಗೆ ಎರಡು ತಲೆಯ ಹಕ್ಕಿ ಕೆತ್ತಿದ ಮನೆ ಹುಡುಕುತ್ತ ಓಣಿ ಓಣಿ ತಿರುಗುತ್ತಾನೆ. ಬಾಗಿಲು ತೆರೆದ ಪದ್ಮಿನಿ ಅವನನ್ನು ಮಾತಿನಲ್ಲೇ ಕುಣಿಸುವ ಭಾಗ ಅಪ್ಪಟ ನಗೆ. ಆದರೆ ಆ ಬಾಗಿಲಲ್ಲೇ ಕಪಿಲನೊಳಗೆ ಏನೋ ಜಾರುತ್ತದೆ. ಗೆಳೆಯನ ಹಂಬಲವನ್ನು ಅಷ್ಟು ಚೆನ್ನಾಗಿ ಕೇಳಿಸಿಕೊಂಡದ್ದರಿಂದ ಅದು ಅವನದೂ ಆಗುತ್ತದೆ. ಕಪಿಲನ ಪಾತ್ರಕ್ಕೆ ಬರೇ ರಟ್ಟೆ ನೋಡಿ ಹುಡುಗರನ್ನು ಆರಿಸುವ ನಿರ್ದೇಶಕರಿಗೆ ಇದು ಯಾಕೆ ಕಾಣುವುದಿಲ್ಲವೋ ನನಗೆ ತಿಳಿಯದು. ಕಿವಿ ನೋಡಿ ಆರಿಸಬೇಕಾದ ಪಾತ್ರ ಅದು.

ಈ ನಾಟಕ ಧಾರವಾಡದ ನೀರು ಕುಡಿದದ್ದು ಸುಮ್ಮನೆ ಅಲ್ಲ. ಈ ಊರಿನ ಹೊಸ ಸಾಹಿತ್ಯವೇ 1920ರ ದಶಕದಲ್ಲಿ ಬೇಂದ್ರೆಯವರ ಸುತ್ತ ಕೂಡಿದ 'ಗೆಳೆಯರ ಗುಂಪು' ಅನ್ನುವ ಹೆಸರಿನಿಂದ ಎದ್ದಿತು. ಆಮೇಲೆ ಜಿ. ಬಿ. ಜೋಶಿಯವರ ಗ್ರಂಥಮಾಲೆಯ ಅಟ್ಟ ಬಂತು. ಕೀರ್ತಿನಾಥ ಕುರ್ತಕೋಟಿಯವರಂಥ ಕೇಳುಗರು ಅಲ್ಲಿ ಕೂತಿರುತ್ತಿದ್ದರು. ನಾಟಕಕಾರ ತನ್ನ ಹಸ್ತಪ್ರತಿ ತಂದು ಓದುವುದಕ್ಕೆ ಅದಕ್ಕಿಂತ ಬೆಚ್ಚಗಿನ ಜಾಗ ಯಾವುದಿದ್ದೀತು?

ಹೊರಗಿನದೂ ಒಂದನ್ನು ಹೇಳಬೇಕು. ಯಾಸ್ಮಿನಾ ರೆಜಾ ಫ್ರೆಂಚಿನಲ್ಲಿ ಬರೆದ 'ಆರ್ಟ್' 1994ರಲ್ಲಿ ಪ್ಯಾರಿಸ್ಸಿನಲ್ಲಿ ಮೊದಲು ರಂಗಕ್ಕೆ ಬಂತು. ಮೂವರು ಗೆಳೆಯರು. ಅವರಲ್ಲೊಬ್ಬ ಎರಡು ಲಕ್ಷ ಫ್ರಾಂಕ್ ಕೊಟ್ಟು ಬಿಳಿಯ ಚಿತ್ರವೊಂದನ್ನು ಕೊಂಡು ತರುತ್ತಾನೆ. ಬಿಳಿಯ ಮೇಲೆ ಬಿಳಿ, ಅಷ್ಟೇ. ಎರಡನೆಯವನಿಗೆ ಅದನ್ನು ನೋಡಿ ಮೈ ಉರಿಯುತ್ತದೆ. ಮೂರನೆಯವನು ಇಬ್ಬರಿಗೂ ಹೌದು ಹೌದು ಅನ್ನುತ್ತ ನಡುವೆ ಸಿಕ್ಕಿ ನುಗ್ಗಾಗುತ್ತಾನೆ. ಜಗಳ ಚಿತ್ರದ್ದಲ್ಲ: ನನ್ನನ್ನು ಕೇಳದೆ ನೀನು ಬೇರೆಯವನಾದೆಯಲ್ಲ ಅನ್ನುವ ಸಂಕಟ. ಇದನ್ನು ಮೊರಬಕ್ಕೆ ತರುವುದು ಕಷ್ಟವಲ್ಲ. ಚಿತ್ರದ ಬದಲು ಒಂದು ಜೋಡಿ ಹೋರಿ ಇಡಿ. ಮೈತುಂಬ ಬಿಳುಪು, ಕೋಡಿಗೆ ಬಣ್ಣ, ಉಳುಮೆಗೆ ಉಪಯೋಗವಿಲ್ಲ, ಹೊಲ ಒತ್ತೆ ಇಟ್ಟಷ್ಟು ಬೆಲೆ. ಹುಟ್ಟಿದಾಗಿನಿಂದ ಒಂದೇ ಬಂಡಿಯಲ್ಲಿ ಸಂತೆಗೆ ಹೋದ ಗೆಳೆಯ ಬಂದು ಹೋರಿಯ ಸುತ್ತ ಒಂದು ಸುತ್ತು ಹಾಕುತ್ತಾನೆ, ಏನೂ ಅನ್ನುವುದಿಲ್ಲ. ಆ ಸುಮ್ಮನಿರುವಿಕೆಯಿಂದಲೇ ನಾಟಕ ಶುರು. ಯಾರಾದರೂ ಬರೆಯಲಿ. ನೋಡಲು ನಾನು ಹಾಸಿಗೆ ಸುತ್ತಿಕೊಂಡು ಬರುತ್ತೇನೆ.

ಕಂಪನಿ ನಾಟಕಗಳಲ್ಲಿ ಗೆಳೆಯರ ಜೋಡಿಗೆ ಕೊರತೆಯಿಲ್ಲ. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಸಾಲಾಗಿ ಡೇರೆ ಹಾಕುವ ಕಂಪನಿಗಳಲ್ಲಿ ಯಾವುದಕ್ಕೆ ಹೊಕ್ಕರೂ ಹೀರೋನ ಬೆನ್ನಿಗೆ ಒಬ್ಬ ಹಾಸ್ಯದ ಗೆಳೆಯ ಇದ್ದೇ ಇರುತ್ತಾನೆ. ನಮ್ಮ ಕುಂದಗೋಳ ತಾಲೂಕಿನ ಗುಡಗೇರಿಯ ಹೆಸರು ಹೊತ್ತ ಕಂಪನಿಯೇ ಊರೂರು ಮೆರೆದದ್ದುಂಟು. ಏಣಗಿ ಬಾಳಪ್ಪನವರಂಥವರು ಹೆಣ್ಣು ಪಾತ್ರದಿಂದ ಹಿಡಿದು ಬಸವೇಶ್ವರನವರೆಗೆ ಮಾಡಿ ಕಟ್ಟಿದ ಪರಂಪರೆ ಇದು. ಇದರ ಮೇಲೆ ನನಗಿರುವುದು ಭಕ್ತಿ. ಆ ಭಕ್ತಿಯಿಂದಲೇ ಹೇಳುತ್ತೇನೆ: ಈಗೀಗ ಆ ಹಾಸ್ಯದ ಗೆಳೆಯ ಕೇಳುವುದನ್ನು ಬಿಟ್ಟಿದ್ದಾನೆ. ಹೀರೋ ಅಳುತ್ತಿರುವಾಗ ಅವನು ಮುಂದಿನ ಎರಡರ್ಥದ ಮಾತಿಗೆ ಕಾಯುತ್ತ ನಿಂತಿರುತ್ತಾನೆ. ಜನ ನಗುತ್ತಾರೆ, ಶಿಳ್ಳೆ ಬೀಳುತ್ತವೆ. ಆದರೆ ಆ ಇಬ್ಬರೂ ಗೆಳೆಯರು ಅಂತ ನಂಬುವುದು ಹೇಗೆ?

ತಪ್ಪು ಬರೇ ನಟರದ್ದಲ್ಲ. ಮೇಲಿಂದ ಜೋತು ಬಿದ್ದ ಮೈಕನ್ನು ನೋಡಿ. ಸುತ್ತ ಜಾತ್ರೆಯ ಗದ್ದಲ, ಪಕ್ಕದ ಡೇರೆಯ ಹಾಡು. ದನಿ ಮುಟ್ಟಬೇಕಾದರೆ ನಟ ಮೈಕಿನ ಕೆಳಗೇ ಬಂದು, ಗದ್ದ ಎತ್ತಿ, ಜನರ ಕಡೆ ಮುಖ ಮಾಡಿ ನಿಲ್ಲಬೇಕು. ಇಬ್ಬರು ಗೆಳೆಯರು ಎರಡು ಮೈಕುಗಳ ಕೆಳಗೆ ಎರಡು ಕಂಬಗಳಂತೆ ನಿಂತರೆ ಒಬ್ಬರ ಕಣ್ಣು ಒಬ್ಬರಿಗೆ ಸಿಗುವುದೇ ಇಲ್ಲ. ಮಾತು ಜನರಿಗೆ ಮುಟ್ಟುತ್ತದೆ, ಗೆಳೆಯನಿಗೆ ಮುಟ್ಟುವುದಿಲ್ಲ.

ಮೊರಬದಲ್ಲೂ ನಾಟಕದ ರಾತ್ರಿ ಇದೇ ಆಯಿತು. ಸೀನ್ಸು ಬಂತು, ಝಗಝಗ ದೀಪ ಬಂತು. ಪರಊರಿನಿಂದ ಬಂದ ಇಬ್ಬರು ಪಾತ್ರಧಾರಿಣಿಯರು ಒಂದೇ ಒಂದು ಸಲ ಪುಸ್ತಕ ತಿರುವಿ ಹಾಕಿ, ಬಣ್ಣ ಹಚ್ಚಿಕೊಂಡು ತಯಾರಾದರು. ಇವರ ನೆನಪಿನ ಶಕ್ತಿಗೆ, ರಾತ್ರಿಗೊಂದು ಊರು, ಊರಿಗೊಂದು ಹೊಸ ಗಂಡ, ಹೊಸ ಅಣ್ಣ ಅಂತ ಆಡಿ ಗೆಲ್ಲುವ ಅವರ ಎದೆಗಾರಿಕೆಗೆ ಒಂದು ಪೂರ್ತಿ ಅಂಕಣ ಬೇಕು, ಬರೆಯುತ್ತೇನೆ. ಪರದೆ ಎದ್ದಾಗ ಹನ್ನೊಂದು ಹೊಡೆದಿತ್ತು. ತಾಲೀಮಿನಲ್ಲಿ ಕುಣಿದ ಆ ಹೆಗಲು ಮೈಕಿನ ಕೆಳಗೆ ಬಿಗಿದುಕೊಂಡಿತು. ಹುಡುಗ ಜನರನ್ನೇ ನೋಡುತ್ತಿದ್ದ. ಎದುರಿನವನ ಮಾತುಗಳು ಒಂದೊಂದಾಗಿ ನೆಲಕ್ಕೆ ಬಿದ್ದವು. ನನ್ನ ಮಗ್ಗುಲಿಗೆ ಕೂತಿದ್ದ ಹೆಂಗಸರು ಶೇಂಗಾ ಸುಲಿಯಲು ಹತ್ತಿದರು.

ಎರಡನೆಯ ಅಂಕದಲ್ಲಿ ಇಬ್ಬರೂ ಕೂತು ಒಂದೇ ಗಂಟಿನ ರೊಟ್ಟಿ ಉಣ್ಣುವ ದೃಶ್ಯ. ಸಾಲ ಇಸಕೊಂಡವನು ಮಾತು ಶುರುಮಾಡಿದ್ದ, ಅಷ್ಟರಲ್ಲಿ ಅವನ ಬೀಗರು ಆಯೇರಿ ಮಾಡಲು ವೇದಿಕೆ ಹತ್ತಿದರು. ನಮ್ಮ ಕಡೆ ಇದು ರೂಢಿ, ನಾಟಕ ನಿಲ್ಲಲೇಬೇಕು. ಹೆಗಲಿಗೆ ಟಾವೆಲ್ಲು, ಎದೆಗೆ ಪಿನ್ನು ಚುಚ್ಚಿದ ನೋಟು, ಮೈಕಿನಲ್ಲಿ ಕೊಟ್ಟವರ ಹೆಸರು, ಒಬ್ಬರ ಹಿಂದೆ ಒಬ್ಬರು. ಪೇಟೆಯಿಂದ ಬರುವ ಮಂದಿ ಇದನ್ನು ಆಡಿಕೊಳ್ಳುವುದುಂಟು. ನಾನು ಆಡಿಕೊಳ್ಳುವುದಿಲ್ಲ. ಹೊಲದ ಕೆಲಸ ಬಿಟ್ಟು ತಿಂಗಳುಗಟ್ಟಲೆ ತಾಲೀಮು ಮಾಡಿದವನನ್ನು ಊರು ಮತ್ತೆ ಯಾವಾಗ ಮುಟ್ಟಿ ನೋಡಬೇಕು?

ಆಯೇರಿ ಸುಮಾರು ಐದು ನಿಮಿಷ ನಡೆಯಿತು. ಹುಡುಗ ಎದ್ದು ಒಳಗೆ ಹೋಗಲಿಲ್ಲ. ಕೈಯಲ್ಲಿ ಮುರಿದ ರೊಟ್ಟಿಯ ಚೂರು ಹಿಡಿದು ಕೂತೇ ಇದ್ದ. ಅವನು ಕೂತ ಜಾಗಕ್ಕೆ ಮೈಕು ಮುಟ್ಟುತ್ತಿರಲಿಲ್ಲ, ಜನರ ಕಣ್ಣೂ ಇರಲಿಲ್ಲ. ಗೆಳೆಯನ ಎದೆಗೆ ನೋಟು ಚುಚ್ಚುವುದನ್ನು ನೋಡುತ್ತ ನೋಡುತ್ತ ಅವನ ಹೆಗಲು ಮೆಲ್ಲಗೆ ಮೇಲೇರಿತು. ಮೊದಲು ಯಾರೋ ಒಬ್ಬರು ನಕ್ಕರು. ಆಮೇಲೆ ಒಂದು ಸಾಲು, ಆಮೇಲೆ ಇಡೀ ಜನ. ಕೊಟ್ಟ ಸಾಲ ಕೇಳಲಾರದವನ ಕಣ್ಣೆದುರಿಗೇ ಇಸಕೊಂಡವನ ಎದೆ ತುಂಬ ನೋಟು! ಬೀಗರಿಗೆ ಏನೂ ತಿಳಿಯದೆ ತಿರುಗಿ ನೋಡಿದರು. ಇಸಕೊಂಡ ಪಾತ್ರದವನೂ ತಿರುಗಿದ, ಆ ರಾತ್ರಿ ಮೊದಲ ಸಲ ಗೆಳೆಯನ ಮುಖ ನೋಡಿದ. ಆಮೇಲೆ ಅವನು ಮೈಕಿನ ಕೆಳಗೆ ಹೋಗಲೇ ಇಲ್ಲ. ಬಂದು ಪಕ್ಕದಲ್ಲಿ ಕೂತ, ನೋಟುಗಳನ್ನು ಎದೆಯ ಮೇಲೆ ಹಾಗೇ ಇಟ್ಟುಕೊಂಡು ಮಾತು ಮುಂದುವರಿಸಿದ. ಹಿಂದಿನ ಸಾಲಿಗೆ ದನಿ ಸರಿಯಾಗಿ ಕೇಳಿರಲಿಕ್ಕಿಲ್ಲ. ಯಾರೂ ಗದ್ದಲ ಮಾಡಲಿಲ್ಲ. ಶೇಂಗಾ ಸುಲಿಯುವುದೂ ನಿಂತಿತ್ತು.

ನಸುಕಿನಲ್ಲಿ ಬಣ್ಣ ಒರೆಸಿಕೊಳ್ಳುತ್ತಿದ್ದ ಹುಡುಗನನ್ನು ಕಂಡು, ಆ ಐದು ನಿಮಿಷ ಏನು ಯೋಚಿಸುತ್ತಿದ್ದೆ ಅಂತ ಕೇಳಿದೆ. "ಏನಿಲ್ರಿ, ಎಣಿಸಾಕ ಹತ್ತಿದ್ದೆ" ಅಂದ. ಪೇಟಿ ಮಾಸ್ತರರ ಹತ್ತಿರ ಒಂದೇ ಬಿನ್ನಹ ಮಾಡಿಕೊಂಡು ಬಂದಿದ್ದೇನೆ: ಮುಂದಿನ ಸುಗ್ಗಿಗೆ ಇದೇ ನಾಟಕ ಆಡುವುದಾದರೆ ಒಂದು ಮೈಕನ್ನು ರೊಟ್ಟಿ ಉಣ್ಣುವ ಜಾಗದ ಮೇಲೆ, ಕೂತವರ ದನಿಗೆ ಸಿಗುವಷ್ಟು ಇಳಿಸಿ ಕಟ್ಟಿಸಿ ಅಂತ. ನೋಡೋಣ ಅಂದಿದ್ದಾರೆ.